ಅಜ್ಜಿಯ ವಜ್ರಕ್ಕೆ ಹೊಸ ಉಂಗುರ

ಅಜ್ಜಿಯ ಓಲೆಯ ಹರಳನ್ನು ಯಾರು ಹೇಳಿದರೂ ಮತ್ತೆ ಸಾಣೆ ಹಿಡಿಸಬೇಡಿ. ತೂಕವೂ ಹೋಗುತ್ತದೆ, ಚೆಲುವೂ ಹೋಗುತ್ತದೆ. ಹಳೆಯ ಕಟ್‌ನ ವಜ್ರಕ್ಕೆ ಮೇಲಿನ ಚಪ್ಪಟೆ ಮುಖ ಚಿಕ್ಕದು, ನೆತ್ತಿ ಎತ್ತರ, ತಳ ಆಳ. ಅದಕ್ಕೇ ಅದು ಇಂದಿನ ವಜ್ರದಂತೆ ಸಣ್ಣ ಸಣ್ಣದಾಗಿ ಮಿನುಗದೆ ಅಗಲವಾದ ಬಣ್ಣದ ಹೊಳಪು ಚೆಲ್ಲುತ್ತದೆ. ಒಮ್ಮೆ ದೀಪದ ಬೆಳಕಿನಲ್ಲಿ ಹಿಡಿದು ನೋಡಿ, ಎಂಥ ಸೊಗಸು!

ಉಂಗುರಕ್ಕೆ ನೀವು ಕೇಳಿದ ಪ್ಲಾಟಿನಂ ನನಗೆ ಒಪ್ಪಿಗೆಯಿಲ್ಲ. ಹರಳಿನಲ್ಲಿ ನಸು ಹಳದಿ ಇದೆಯೆಂದು ಬರೆದಿದ್ದೀರಿ. ಬಿಳಿ ಲೋಹದ ಪಕ್ಕ ಅದು ಎದ್ದು ಕಾಣುತ್ತದೆ, 18 ಕ್ಯಾರೆಟ್ ಹಳದಿ ಚಿನ್ನದಲ್ಲಿ ಹೊಂದಿಕೊಳ್ಳುತ್ತದೆ. ಕೈಯಲ್ಲಿ ಕತ್ತರಿಸಿದ ಇಂಥ ಹಳೆಯ ಹರಳುಗಳ ಅಂಚು ಕೆಲವೆಡೆ ತೀರಾ ತೆಳುವಾಗಿದ್ದು, ಹರಳನ್ನು ಹಿಡಿಯುವ ಲೋಹದ ಪ್ರಾಂಗ್ ಒತ್ತುವಾಗ ಚಕ್ಕೆ ಏಳಬಹುದು. ದಿನವೂ ತೊಡುವವರಿಗೆ ಅಂಚನ್ನು ಸುತ್ತಲೂ ಕಾಯುವ ತೆಳುವಾದ ಬೆಜೆಲ್ ಸೆಟ್ಟಿಂಗೇ ಸರಿ. ಹಿಂಬದಿ ಮಾತ್ರ ಓಲೆಯಲ್ಲಿದ್ದಂತೆ ಮುಚ್ಚಿಸಬೇಡಿ. ತೆರೆದಿದ್ದರೆ ಸೋಪುನೀರು, ಮೆತ್ತನೆಯ ಬ್ರಷ್ಷಿನಿಂದ ಜಿಡ್ಡು ತೆಗೆಯಬಹುದು. ತಳ ಆಳವಾದ್ದರಿಂದ ಅದು ಬೆರಳಿಗೆ ತಾಗದಷ್ಟು ಎತ್ತರವೂ ಬೇಕು. ಸುತ್ತ ಹೊಸ ಪುಟ್ಟ ವಜ್ರಗಳ ಸಾಲು ಬೇಡ. ಅವುಗಳ ಚುರುಕು ಮಿನುಗಿನಲ್ಲಿ ಹಳೆಯದರ ನಿಧಾನದ ಬೆಳಕು ಕಳೆದುಹೋಗುತ್ತದೆ.

ಕೆಲಸಕ್ಕೆ ಕೊಡುವ ಮುನ್ನ ನಿಮ್ಮೆದುರೇ ಹರಳನ್ನು ಬಿಚ್ಚಿಸಿ, ತೂಗಿಸಿ. 10 ಪಟ್ಟು ಹಿಗ್ಗಿಸುವ ಲೂಪ್‌ನಲ್ಲಿ ಅಂಚು ನೋಡಿ, ಫೋಟೊ ತೆಗೆದು, ತೂಕ ಮತ್ತು ಅಳತೆಯನ್ನು ರಸೀದಿಯಲ್ಲಿ ಬರೆಸಿಕೊಳ್ಳಿ.