ಸೆನ್ಸರ್ ಅಳತೆ ಮತ್ತು ಚಿತ್ರದ ಅಗತ್ಯ: ಕ್ಯಾಮೆರಾ ಕೊಳ್ಳಹೊರಟ ಕಿರಿಯರಿಗೊಂದು ಪತ್ರ



ಲೆನ್ಸ್ ಬದಲಿಸಬಹುದಾದ ಡಿಜಿಟಲ್ ಕ್ಯಾಮೆರಾವನ್ನು ಮೊದಲ ಬಾರಿಗೆ ಕೊಳ್ಳಹೊರಟವರಿಗೆ ಅಂಗಡಿಯಲ್ಲಿಯೂ ಗೆಳೆಯರ ನಡುವೆಯೂ ಎದುರಾಗುವ ಮೊದಲ ಪ್ರಶ್ನೆ ಫುಲ್ ಫ್ರೇಮೋ ಕ್ರಾಪ್ ಸೆನ್ಸರೋ ಎಂಬುದು. ಮೊದಲನೆಯದು ಪರಿಣತರಿಗೆ, ಎರಡನೆಯದು ಕಲಿಯುವವರಿಗೆ ಎಂಬ ಸಿದ್ಧ ಉತ್ತರವೂ ಅದರ ಬೆನ್ನಿಗೇ ಬರುತ್ತದೆ. ಈ ಮಾತನ್ನು ನಂಬಿ ಕೈಯಲ್ಲಿದ್ದ ಹಣವನ್ನೆಲ್ಲ ಕ್ಯಾಮೆರಾದ ಮೇಲೆಯೇ ಸುರಿದು, ಒಳ್ಳೆಯ ಲೆನ್ಸಿಗೆ ಏನನ್ನೂ ಉಳಿಸಿಕೊಳ್ಳದೆ ನಿರಾಶರಾಗುವ ಕಿರಿಯರು ಅನೇಕರಿರುವುದರಿಂದ, ಸೆನ್ಸರಿನ ಅಳತೆ ಯಾವ ಸಂದರ್ಭದಲ್ಲಿ ಚಿತ್ರವನ್ನು ನಿಜವಾಗಿ ಬದಲಿಸುತ್ತದೆ, ಯಾವಾಗ ಬದಲಿಸುವುದಿಲ್ಲ ಎಂಬುದನ್ನು ವಿವರವಾಗಿ ತಿಳಿಸುವುದು ಈ ಪತ್ರದ ಉದ್ದೇಶ.

ಲೆನ್ಸಿನ ಮೂಲಕ ಬಂದ ಬೆಳಕನ್ನು ವಿದ್ಯುತ್ ಸಂಕೇತವನ್ನಾಗಿ ಪರಿವರ್ತಿಸುವ ಸಿಲಿಕಾನ್ ಫಲಕವೇ ಸೆನ್ಸರ್. ಅದರ ಅಳತೆ 36×24 ಮಿ.ಮೀ. ಇದ್ದರೆ ಫುಲ್ ಫ್ರೇಮ್ ಎನ್ನುವುದು ರೂಢಿ. ಈ ಅಳತೆಯನ್ನು ಯಾವ ದೃಗ್ವಿಜ್ಞಾನದ ನಿಯಮವೂ ವಿಧಿಸಿದ್ದಲ್ಲ: ಜರ್ಮನಿಯ ವೆಟ್ಸ್ಲಾರ್‌ನ ಲೈಟ್ಸ್ ಕಂಪನಿಯಲ್ಲಿದ್ದ ಆಸ್ಕರ್ ಬಾರ್ನಾಕ್ 35 ಮಿ.ಮೀ. ಅಗಲದ ಸಿನಿಮಾ ಫಿಲ್ಮನ್ನು ಅಡ್ಡಲಾಗಿ ಓಡಿಸಿ, ಸಿನಿಮಾ ಚೌಕಟ್ಟಿನ ಇಮ್ಮಡಿ ಜಾಗವನ್ನು ಒಂದು ಸ್ಥಿರಚಿತ್ರಕ್ಕೆ ಬಳಸಿದರು. 1925ರಲ್ಲಿ ಅವರ ಲೈಕಾ ಕ್ಯಾಮೆರಾ ಮಾರುಕಟ್ಟೆಗೆ ಬಂದ ಮೇಲೆ ಅದೇ ಕ್ರಮೇಣ ಎಲ್ಲರ ಮಾನದಂಡವಾಯಿತು. ಡಿಜಿಟಲ್ ಯುಗದ ಆರಂಭದಲ್ಲಿ ಅಷ್ಟು ದೊಡ್ಡ ಫಲಕವನ್ನು ದೋಷವಿಲ್ಲದೆ ತಯಾರಿಸುವುದು ಅತಿ ದುಬಾರಿಯಾಗಿದ್ದುದರಿಂದ, 1999ರ ನಿಕಾನ್ ಡಿ1ರಂತಹ ವೃತ್ತಿಪರರ ಕ್ಯಾಮೆರಾದಲ್ಲಿಯೂ ಚಿಕ್ಕ ಸೆನ್ಸರೇ ಇತ್ತು. 1996ರಲ್ಲಿ ಬಂದ ಒಂದು ಫಿಲ್ಮ್ ಪದ್ಧತಿಯ ಚೌಕಟ್ಟಿಗೆ ಹತ್ತಿರವಾದ ಈ ಅಳತೆಗೆ ಎಪಿಎಸ್-ಸಿ ಎಂಬ ಹೆಸರು ನಿಂತಿತು; ಕ್ರಾಪ್ ಸೆನ್ಸರ್ ಎಂದು ಸಾಮಾನ್ಯವಾಗಿ ಕರೆಯುವುದು ಇದನ್ನೇ. ನಿಕಾನ್, ಸೋನಿ, ಫ್ಯೂಜಿಫಿಲ್ಮ್ ಕ್ಯಾಮೆರಾಗಳಲ್ಲಿ ಇದು ಸುಮಾರು 23.5×15.6 ಮಿ.ಮೀ., ಕ್ಯಾನನ್‌ನಲ್ಲಿ ಸುಮಾರು 22.3×14.9 ಮಿ.ಮೀ. ಇರುತ್ತದೆ. ಫುಲ್ ಫ್ರೇಮಿನ ಕರ್ಣವನ್ನು ಚಿಕ್ಕ ಸೆನ್ಸರಿನ ಕರ್ಣದಿಂದ ಭಾಗಿಸಿದಾಗ ಬರುವ 1.5 ಅಥವಾ 1.6 ಎಂಬ ಸಂಖ್ಯೆಯನ್ನು ಕ್ರಾಪ್ ಫ್ಯಾಕ್ಟರ್ ಎನ್ನುತ್ತಾರೆ.

ದೊಡ್ಡ ಸೆನ್ಸರಿನ ಮುಖ್ಯ ಲಾಭ ಬೆಳಕಿನದು. ಫುಲ್ ಫ್ರೇಮಿನ ವಿಸ್ತೀರ್ಣ 864 ಚದರ ಮಿ.ಮೀ., ಎಪಿಎಸ್-ಸಿಯದು ಸುಮಾರು 367. ಹೀಗಾಗಿ ಅಪರ್ಚರ್, ಅಂದರೆ ಲೆನ್ಸಿನ ಬೆಳಕಿನ ಕಿಂಡಿ, ಮತ್ತು ಶಟರ್ ವೇಗ ಒಂದೇ ಇದ್ದಾಗ ದೊಡ್ಡ ಫಲಕದ ಮೇಲೆ ಬೀಳುವ ಒಟ್ಟು ಬೆಳಕು ಸುಮಾರು 2.35 ಪಟ್ಟು ಹೆಚ್ಚು. ಬೆಳಕು ಫೋಟಾನುಗಳೆಂಬ ಬಿಡಿ ಕಣಗಳ ರೂಪದಲ್ಲಿ ಏರುಪೇರಾಗಿ ಬರುವುದರಿಂದಲೇ ಮಂದ ಬೆಳಕಿನ ಚಿತ್ರದಲ್ಲಿ ನಾಯ್ಸ್ ಎಂಬ ಮರಳು ಮರಳಾದ ಕಲೆ ಕಾಣಿಸುತ್ತದೆ. ಒಟ್ಟು ಬೆಳಕು ಹೆಚ್ಚಿದಂತೆ ಈ ಏರುಪೇರಿನ ಪಾಲು ಕಡಿಮೆಯಾಗುತ್ತದೆ. ಬೆಳಕು ಇಮ್ಮಡಿಯಾಗುವ ಪ್ರತಿ ಮೆಟ್ಟಿಲನ್ನು ಸ್ಟಾಪ್ ಎಂದು ಎಣಿಸಿದರೆ, ಎರಡು ಅಳತೆಗಳ ನಡುವಿನ ಅಂತರ ಒಂದು ಸ್ಟಾಪಿಗಿಂತ ಸ್ವಲ್ಪವೇ ಹೆಚ್ಚು. ಫುಲ್ ಫ್ರೇಮಿನಲ್ಲಿ, ಬೆಳಕಿಗೆ ಸೆನ್ಸರ್ ತೋರುವ ಸಂವೇದನೆಯ ಅಳತೆಯಾದ ಐಎಸ್‌ಒ 6400ರಲ್ಲಿ ಕಾಣುವಷ್ಟು ನಾಯ್ಸ್, ಅದೇ ತಲೆಮಾರಿನ ಕ್ರಾಪ್ ಸೆನ್ಸರಿನಲ್ಲಿ ಸುಮಾರು 2700ರಲ್ಲಿ ಕಾಣುತ್ತದೆ.

ಈ ಅಂತರ ಎಲ್ಲ ಮಂದ ಬೆಳಕಿನಲ್ಲಿಯೂ ಸಮಾನವಾಗಿ ಮುಖ್ಯವಾಗುವುದಿಲ್ಲ. ಬೇಲೂರಿನ ಚೆನ್ನಕೇಶವ ದೇವಾಲಯದ ನವರಂಗದಲ್ಲಿ ಬೆಳಕು ಕಡಿಮೆಯಿದ್ದರೂ ಕಂಬಗಳೂ ಮದನಿಕೆಯರೂ ಅಲುಗಾಡುವುದಿಲ್ಲವಾದ್ದರಿಂದ, ಕ್ಯಾಮೆರಾವನ್ನು ಅಲುಗದಂತೆ ಆಧರಿಸಿ ಶಟರನ್ನು ಹೆಚ್ಚು ಹೊತ್ತು ತೆರೆದಿಟ್ಟರೆ ಚಿಕ್ಕ ಸೆನ್ಸರೂ ಸ್ವಚ್ಛ ಚಿತ್ರವನ್ನು ಕೊಡುತ್ತದೆ. ಯಕ್ಷಗಾನದ ರಂಗಸ್ಥಳದಲ್ಲಿ ಸುತ್ತು ಹಾಕುವ ವೇಷಧಾರಿಯ ಚಲನೆಯನ್ನು ಹಿಡಿದು ನಿಲ್ಲಿಸಲು ಶಟರ್ ಸೆಕೆಂಡಿನ ಕಿರುಪಾಲಿನಲ್ಲಿ ಮುಚ್ಚಬೇಕಾಗುತ್ತದೆ. ಬೆಳಕೂ ಕಡಿಮೆ, ಚಲನೆಯೂ ವೇಗವಾದ ಇಂಥಲ್ಲಿ ದೊಡ್ಡ ಸೆನ್ಸರು ಕೊಟ್ಟ ಬೆಲೆಗೆ ನ್ಯಾಯ ಸಲ್ಲಿಸುತ್ತದೆ. ಅಲ್ಲಿಯೂ ಲೆನ್ಸಿನ ಪಾತ್ರ ಅದಕ್ಕಿಂತ ದೊಡ್ಡದು. ಕ್ಯಾಮೆರಾದೊಡನೆ ಬರುವ ಸಾಮಾನ್ಯ ಝೂಮ್ ಲೆನ್ಸಿನ ಎಫ್/5.6 ಅಪರ್ಚರಿಗೂ, 50 ಮಿ.ಮೀ.ನ ಅಗ್ಗದ ಲೆನ್ಸೊಂದರ, ಅದಕ್ಕಿಂತ ಅಗಲವಾದ ಎಫ್/1.8 ಅಪರ್ಚರಿಗೂ ಮೂರು ಸ್ಟಾಪಿಗಿಂತ ಹೆಚ್ಚಿನ ಅಂತರವಿರುವುದರಿಂದ, ಎರಡನೆಯ ಲೆನ್ಸನ್ನು ಧರಿಸಿದ ಕ್ರಾಪ್ ಸೆನ್ಸರ್ ಕ್ಯಾಮೆರಾ, ಮೊದಲನೆಯ ಬಗೆಯ ಲೆನ್ಸನ್ನು ಧರಿಸಿದ ಫುಲ್ ಫ್ರೇಮನ್ನು ಸುಮಾರು ಎರಡು ಸ್ಟಾಪುಗಳಷ್ಟು ಹಿಂದಿಕ್ಕುತ್ತದೆ.

ಮುಖಚಿತ್ರಗಳಲ್ಲಿ ಹಿನ್ನೆಲೆ ಮಸುಕಾಗುವ ವಿಷಯದಲ್ಲಿಯೂ ಇದೇ ಲೆಕ್ಕ ನಡೆಯುತ್ತದೆ. ಫುಲ್ ಫ್ರೇಮಿನಲ್ಲಿ 50 ಮಿ.ಮೀ. ಎಫ್/1.8 ಕೊಡುವ ನೋಟವನ್ನೂ ಮಸುಕನ್ನೂ ಅದೇ ಜಾಗದಲ್ಲಿ ನಿಂತು ಎಪಿಎಸ್-ಸಿಯಲ್ಲಿ ಪಡೆಯಲು ಸುಮಾರು 33 ಮಿ.ಮೀ. ಎಫ್/1.2 ಲೆನ್ಸ್ ಬೇಕಾಗುತ್ತದೆ, ಅಂಥದ್ದು ದುಬಾರಿ. ಆದ್ದರಿಂದ ಮದುವೆ, ಮುಖಚಿತ್ರಗಳನ್ನೇ ವೃತ್ತಿಯಾಗಿ ಹಿಡಿಯುವವರು ಫುಲ್ ಫ್ರೇಮನ್ನು ಆರಿಸುವುದಕ್ಕೆ ಸಕಾರಣವಿದೆ. ಆದರೆ ಮುಖದ ಅಂಗಾಂಗಗಳ ಪ್ರಮಾಣ, ದೂರದ ಬೆಟ್ಟ ಹತ್ತಿರ ಸರಿದಂತೆ ಕಾಣುವುದು ಮೊದಲಾದವು ಛಾಯಾಗ್ರಾಹಕ ಎಷ್ಟು ದೂರದಲ್ಲಿ ನಿಂತಿದ್ದಾನೆ ಎಂಬುದನ್ನಷ್ಟೇ ಅವಲಂಬಿಸಿವೆ.

ಪಕ್ಷಿ ಮತ್ತು ವನ್ಯಜೀವಿಗಳ ಚಿತ್ರಣದಲ್ಲಿ ತಕ್ಕಡಿ ಇನ್ನೊಂದು ಬದಿಗೆ ವಾಲುತ್ತದೆ. ರಂಗನತಿಟ್ಟಿನ ದೋಣಿಯಿಂದ ಕೊಕ್ಕರೆಗಳನ್ನು ಸೆರೆಹಿಡಿಯುವವರ 400 ಮಿ.ಮೀ. ಲೆನ್ಸು ಎಪಿಎಸ್-ಸಿ ಕ್ಯಾಮೆರಾದಲ್ಲಿ ಫುಲ್ ಫ್ರೇಮಿನ 600 ಮಿ.ಮೀ.ಗೆ ಸಮನಾದ ನೋಟವನ್ನು ಕೊಡುತ್ತದೆ. ಇದರಿಂದ ಲೆನ್ಸು ಉದ್ದವಾಯಿತೆಂದು ತಿಳಿಯಬಾರದು; ಹಕ್ಕಿಯ ಬಿಂಬ ಎರಡು ಸೆನ್ಸರುಗಳ ಮೇಲೂ ಅಷ್ಟೇ ದೊಡ್ಡದಾಗಿರುತ್ತದೆ, ಚಿಕ್ಕ ಸೆನ್ಸರು ಅಂಚುಗಳನ್ನು ಬಿಟ್ಟುಬಿಡುತ್ತದೆ, ಅಷ್ಟೆ. ಹಾಗಾಗಿ ನೋಡಬೇಕಾದದ್ದು ಆ ಬಿಂಬದ ಮೇಲೆ ಎಷ್ಟು ಪಿಕ್ಸೆಲ್‌ಗಳಿವೆ ಎಂಬುದನ್ನು. 24 ಮೆಗಾಪಿಕ್ಸೆಲ್‌ನ ಫುಲ್ ಫ್ರೇಮ್ ಚಿತ್ರವನ್ನು ಎಪಿಎಸ್-ಸಿ ಚೌಕಟ್ಟಿಗೆ ಕತ್ತರಿಸಿದರೆ ಹನ್ನೊಂದಕ್ಕಿಂತ ಕಡಿಮೆ ಉಳಿಯುತ್ತದೆ, ಆದರೆ 45.7 ಮೆಗಾಪಿಕ್ಸೆಲ್‌ನ ನಿಕಾನ್ ಡಿ850ರಲ್ಲಿ ಸುಮಾರು 19 ಉಳಿಯುವುದರಿಂದ, ಅದು 20.9 ಮೆಗಾಪಿಕ್ಸೆಲ್‌ನ ಕ್ರಾಪ್ ಸೆನ್ಸರ್ ಕ್ಯಾಮೆರಾ ಡಿ500ಕ್ಕೆ ಬಹುಮಟ್ಟಿಗೆ ಸಮನಾಗುತ್ತದೆ. ಅಷ್ಟು ಪಿಕ್ಸೆಲ್ಲುಗಳ ಫುಲ್ ಫ್ರೇಮಿಗೆ ವೆಚ್ಚ ಮಾಡಲಾಗದ ಪಕ್ಷಿಪ್ರಿಯರಿಗೆ ಎಪಿಎಸ್-ಸಿ ಜಾಣ ಆಯ್ಕೆಯೇ ಹೊರತು ರಾಜಿಯಲ್ಲ.

ಕೊಳ್ಳುವ ಮುನ್ನ ಲೆನ್ಸ್ ಮೌಂಟ್, ಅಂದರೆ ಲೆನ್ಸನ್ನು ಕ್ಯಾಮೆರಾಕ್ಕೆ ಜೋಡಿಸುವ ಬಾಯಿಯನ್ನೂ ಪರಿಶೀಲಿಸಬೇಕು. ಕ್ಯಾನನ್‌ನ ಹಳೆಯ ಇಎಫ್-ಎಸ್ ಲೆನ್ಸುಗಳು ಅದರ ಫುಲ್ ಫ್ರೇಮ್ ಡಿಎಸ್ಎಲ್ಆರ್‌ಗಳಿಗೆ ಕೂರುವುದಿಲ್ಲ. ಸೋನಿ ಇ, ನಿಕಾನ್ ಝಡ್, ಕ್ಯಾನನ್ ಆರ್‌ಎಫ್ ಮೌಂಟುಗಳಲ್ಲಿ ಎರಡೂ ಅಳತೆಯ ಕ್ಯಾಮೆರಾಗಳಿರುವುದರಿಂದ, ಫುಲ್ ಫ್ರೇಮಿಗೆಂದು ಮಾಡಿದ ಲೆನ್ಸನ್ನು ಇಂದು ಕ್ರಾಪ್ ಸೆನ್ಸರಿನ ಮೇಲೆ ಬಳಸಿ ಮುಂದೆ ದೊಡ್ಡ ಸೆನ್ಸರಿಗೂ ಒಯ್ಯಬಹುದು. ಫ್ಯೂಜಿಫಿಲ್ಮ್ ಡಿಜಿಟಲ್ ಫುಲ್ ಫ್ರೇಮ್ ಕ್ಯಾಮೆರಾಗಳನ್ನೇ ತಯಾರಿಸುವುದಿಲ್ಲವಾದ್ದರಿಂದ ಆ ದಾರಿ ಅಲ್ಲಿಲ್ಲ.

ಕಿರಿಯರು ಪಾಲಿಸಬೇಕಾದ ಕ್ರಮ ಸರಳವಾದದ್ದು. ಮೊದಲು ತಾವು ಈಗಾಗಲೇ ತೆಗೆದ ಚಿತ್ರಗಳಲ್ಲಿ ಯಾವ ವಿಷಯಗಳು ಹೆಚ್ಚಾಗಿವೆ, ಯಾವ ಚಿತ್ರಗಳು ಬೆಳಕಿನ ಕೊರತೆಯಿಂದ ಕೆಟ್ಟಿವೆ, ಯಾವುವು ವಿಷಯ ದೂರವಿದ್ದುದರಿಂದ ಕೆಟ್ಟಿವೆ ಎಂದು ವಿಂಗಡಿಸಿಕೊಳ್ಳಬೇಕು. ಬಳಿಕ ಎರಡೂ ಬಗೆಯ ಕ್ಯಾಮೆರಾಗಳನ್ನು ಒಂದೆರಡು ದಿನ ಬಾಡಿಗೆಗೆ ತಂದು ತಮ್ಮ ವಿಷಯದ ಮೇಲೆಯೇ ಪ್ರಯೋಗಿಸಿ ನೋಡಬೇಕು. ಕಡೆಗೆ ಆ ವಿಷಯಕ್ಕೆ ತಕ್ಕ ಲೆನ್ಸಿನ ಬೆಲೆಯನ್ನು ಮೊದಲು ಎತ್ತಿಟ್ಟು, ಉಳಿದ ಹಣದಲ್ಲಿ ಬರುವ ಕ್ಯಾಮೆರಾವನ್ನು ಕೊಳ್ಳಬೇಕು. ಕ್ಯಾಮೆರಾಗಳು ಕೆಲವೇ ವರ್ಷಗಳಲ್ಲಿ ಹಳತಾಗುತ್ತವೆ, ಒಳ್ಳೆಯ ಲೆನ್ಸು ಎರಡು ಮೂರು ಕ್ಯಾಮೆರಾಗಳ ಆಯುಷ್ಯವನ್ನು ದಾಟಿ ಬಾಳುತ್ತದೆ. ವನ್ಯಜೀವಿ ಛಾಯಾಗ್ರಾಹಕ ಟಿ.ಎನ್.ಎ. ಪೆರುಮಾಳ್, ಸಾಹಿತಿ ಪೂರ್ಣಚಂದ್ರ ತೇಜಸ್ವಿ ಅವರು ಫಿಲ್ಮಿನ ಕಾಲದಲ್ಲಿ ತೆಗೆದ ಹಕ್ಕಿಚಿತ್ರಗಳು ಮಂದ ಬೆಳಕಿನಲ್ಲಿ ಇಂದಿನ ಕ್ರಾಪ್ ಸೆನ್ಸರಿಗಿಂತ ಎಷ್ಟೋ ದುರ್ಬಲವಾದ ಮಾಧ್ಯಮದಲ್ಲಿ ಮೂಡಿದವು. ಅವುಗಳ ಹಿಂದೆ ಇದ್ದದ್ದು ಹಕ್ಕಿಯ ನಡವಳಿಕೆಯ ಅರಿವು ಮತ್ತು ಕಾಯುವ ತಾಳ್ಮೆ. ಅಂಥ ತಾಳ್ಮೆಯುಳ್ಳ ಕಿರಿಯರು ಕ್ರಾಪ್ ಸೆನ್ಸರನ್ನು ಹಿಡಿಯಲು ಎಳ್ಳಷ್ಟೂ ಸಂಕೋಚಪಡಬೇಕಿಲ್ಲ. ತಮ್ಮ ವಿಷಯ ನಿಜವಾಗಿಯೂ ಕೇಳುತ್ತಿದೆ ಎಂದು ಖಚಿತವಾದ ದಿನ ಫುಲ್ ಫ್ರೇಮನ್ನು ನಿಶ್ಚಿಂತೆಯಿಂದ ಕೊಳ್ಳಲಿ.

ಇತಿ,
ಕಿರಿಯರ ಏಳಿಗೆಯನ್ನು ಬಯಸುವ ಹಿರಿಯ ಹಿತೈಷಿ