ಬಯಲಿನ ಬೇಟೆ

ತುಮಕೂರು ಜಿಲ್ಲೆಯ ಉತ್ತರ ಭಾಗದಲ್ಲಿ ಶಿರಾ, ಮಧುಗಿರಿ, ಕೊರಟಗೆರೆ, ಪಾವಗಡ ಎಂಬ ನಾಲ್ಕು ತಾಲ್ಲೂಕುಗಳಿವೆ. ಮಳೆ ಕಡಿಮೆಯಾದ ಈ ನಾಡಿನಲ್ಲಿ ದೊಡ್ಡ ಕಾಡುಗಳು ವಿರಳ. ಅಲ್ಲಲ್ಲಿ ಬೋಳು ಬಂಡೆಗಳ ಬೆಟ್ಟಗಳು. ಅವುಗಳ ನಡುವೆ ಹುಲ್ಲು, ಜಾಲಿ, ತಂಗಡಿ, ಕಾರೆ ಬೆಳೆದ ಬಯಲುಗಳು. ಬಯಲಿನ ಅಂಚಿಗೆ ರಾಗಿ ಮತ್ತು ಕಡಲೆಕಾಯಿಯ ಹೊಲಗಳು. ಶಿರಾ ತಾಲ್ಲೂಕಿನ ತಾವರೆಕೆರೆ ಇಂಥ ಬಯಲುಸೀಮೆಯ ಊರುಗಳಲ್ಲೊಂದು.

1950ರ ದಶಕದ ಒಂದು ಸಂಜೆ ಇಂಥ ಊರಿನ ಹೊರಗೆ ಏನು ನಡೆದಿರಬಹುದೆಂದು ಕಲ್ಪಿಸಿಕೊಳ್ಳೋಣ. ಮಾಘಮಾಸ. ಸುಗ್ಗಿ ಮುಗಿದು ಹೊಲಗಳಲ್ಲಿ ಕೂಳೆ ಮಾತ್ರ ಉಳಿದಿದೆ. ಊರಿನ ಸ್ಥಿತಿವಂತರೊಬ್ಬರು ಪರವಾನಗಿ ಪಡೆದು ಹೊಸ ರೈಫಲ್ ಕೊಂಡು ತಂದಿದ್ದಾರೆ. ಅದರ ಮರದ ಹಿಡಿಯ ಮೆರುಗು ಇನ್ನೂ ಮಾಸಿಲ್ಲ. ಅದನ್ನು ಪರೀಕ್ಷಿಸಬೇಕೆಂಬ ಆತುರದಿಂದ ಅವರು ಇಬ್ಬರು ಜೊತೆಗಾರರೊಡನೆ ಹೊತ್ತು ಇಳಿಯುವ ವೇಳೆಗೆ ಬಯಲಿಗೆ ಹೊರಟಿದ್ದಾರೆ.

ದೂರದಲ್ಲಿ ಹದಿನೈದಿಪ್ಪತ್ತು ಜಿಂಕೆಗಳು ಮೇಯುತ್ತಿವೆ. ನಡುವೆ ಒಂದು ಗಂಡು; ಬೆನ್ನು ಕಪ್ಪು, ಹೊಟ್ಟೆ ಬಿಳುಪು, ತಿರುಪಿನಂತೆ ಸುತ್ತಿಕೊಂಡ ನೀಳವಾದ ಕೊಂಬುಗಳು. ಬೇಟೆಗಾರರು ಇನ್ನೂರು ಹೆಜ್ಜೆಗಳ ಅಂತರಕ್ಕೆ ಬರುತ್ತಲೇ ಒಂದು ಹೆಣ್ಣು ತಲೆಯೆತ್ತಿ ನೋಡುತ್ತದೆ. ಅಷ್ಟು ದೂರದಲ್ಲಿರುವ ಮನುಷ್ಯನಿಂದ ಅಪಾಯವಿಲ್ಲವೆಂಬುದು ಅದರ ಅನುಭವ. ಅದು ಓಡುವುದಿಲ್ಲ, ನಿಂತು ನೋಡುತ್ತದೆ, ಅಷ್ಟೆ. ಆಗ ಗುಂಡು ಹಾರುತ್ತದೆ. ಕರಿಯ ಗಂಡು ಮುಗ್ಗರಿಸಿ ಬೀಳುತ್ತದೆ. ಉಳಿದವು ಚೆಂಡುಗಳಂತೆ ನೆಗೆಯುತ್ತ ಬಯಲಿನ ಆಚೆಗೆ ಮರೆಯಾಗುತ್ತವೆ.

ಹಿಂದಿರುಗುವಾಗ ಕತ್ತಲು ಕವಿಯುತ್ತಿದೆ. ಒಂದು ಬದುವಿನ ಮೇಲೆ ನರಿಯೊಂದು ಕಾಣಿಸುತ್ತದೆ. ಅದರ ಮಾಂಸವನ್ನು ಇವರಾರೂ ತಿನ್ನುವವರಲ್ಲ. ಅದು ಇವರ ಹೊಲಕ್ಕೆ ಕೇಡು ಮಾಡಿದ್ದೂ ಇಲ್ಲ. ಆದರೂ ಎರಡನೆಯ ಗುಂಡು ಹಾರುತ್ತದೆ. ಕಾರಣ ಇಷ್ಟೆ: ಕೋವಿ ಹೊಸದು. ಬದುವಿನ ಕೆಳಗಿನ ಬಿಲದೊಳಗೆ ಮರಿಗಳಿದ್ದರೆ ಅವು ಅಂದಿನ ರಾತ್ರಿ ತಾಯಿಗಾಗಿ ಕಾದಿರಬೇಕು.

ಇಂಥ ಸಂಜೆಗಳು ಆ ಕಾಲದಲ್ಲಿ ಅಪರೂಪವಾಗಿರಲಿಲ್ಲ. ಅಂದು ಬೇಟೆಯಾಡಿದವರೆಲ್ಲರೂ ಕ್ರೂರಿಗಳೆಂದು ಹೇಳುವುದೂ ನ್ಯಾಯವಲ್ಲ. ಆದರೆ ಬಯಲಿನ ಪ್ರಾಣಿಗಳು ಒಂದು ತಲೆಮಾರಿನ ಅವಧಿಯಲ್ಲಿಯೇ ಏಕೆ ಕ್ಷೀಣಿಸಿದವು ಎಂಬುದನ್ನು ತಿಳಿಯಬೇಕಾದರೆ ಆ ಇನ್ನೂರು ಹೆಜ್ಜೆಗಳ ಅರ್ಥವನ್ನು ತಿಳಿಯಬೇಕು.

ಬಯಲುಸೀಮೆಯವರು ಜಿಂಕೆ ಎಂದು ಕರೆಯುವ ಈ ಪ್ರಾಣಿಯ ಹೆಸರು ಕೃಷ್ಣಮೃಗ. ಕಾಡಿನ ಚುಕ್ಕೆ ಜಿಂಕೆಗೂ ಇದಕ್ಕೂ ಭೇದವಿದೆ. ಚುಕ್ಕೆ ಜಿಂಕೆಯ ಕವಲುಗೊಂಬುಗಳು ಉದುರಿ ಮತ್ತೆ ಬೆಳೆಯುತ್ತವೆ. ಕೃಷ್ಣಮೃಗದ ಕೊಂಬುಗಳಿಗೆ ಕವಲಿಲ್ಲ, ಅವು ಉದುರುವುದೂ ಇಲ್ಲ. ಕಾಡಿನ ಪ್ರಾಣಿಗೆ ಮರದ ಮರೆಯುಂಟು. ಕೃಷ್ಣಮೃಗಕ್ಕೆ ಆ ಆಸರೆಯಿಲ್ಲ. ತೀಕ್ಷ್ಣವಾದ ಕಣ್ಣು ಮತ್ತು ಗಂಟೆಗೆ ಸುಮಾರು 80 ಕಿಲೋಮೀಟರ್ ವೇಗದ ಓಟ ಇವೆರಡೇ ಅದರ ರಕ್ಷಣೆ. ಶತ್ರುವನ್ನು ದೂರದಿಂದಲೇ ಕಂಡು, ಆ ದೂರವನ್ನು ಕಾಯ್ದುಕೊಳ್ಳುವುದೇ ಅದರ ಜೀವನೋಪಾಯ.

ಬಯಲಿನ ನರಿಯ ಬಾಳು ಬೇರೆ ಬಗೆಯದು. ಊಳಿಡುವ ದೊಡ್ಡ ಗುಳ್ಳೆನರಿಗಿಂತ ಇದು ಚಿಕ್ಕದು. ಬಾಲದ ತುದಿ ಕಪ್ಪು. ಹಗಲಿನಲ್ಲಿ ಹಲವು ಬಾಯಿಗಳುಳ್ಳ ಬಿಲದಲ್ಲಿದ್ದು ಸಂಜೆ ಹೊರಬೀಳುತ್ತದೆ. ಇಲಿ, ಗೆದ್ದಲು, ಮಿಡತೆ, ಬೋರೆಹಣ್ಣು ಇದರ ಆಹಾರ. ಇಲಿಗಳನ್ನು ತಿನ್ನುವುದರಿಂದ ಅದು ರೈತನಿಗೆ ಉಪಕಾರಿಯೇ ಹೊರತು ಅಪಕಾರಿಯಲ್ಲ. ನರಿಯ ಮುಖ ನೋಡಿದರೆ ಅದೃಷ್ಟ ಬರುವುದೆಂದು ನಮ್ಮ ಜನ ನಂಬಿದ್ದುಂಟು. ಆದರೆ ಅದೃಷ್ಟ ತರುವ ‘ನರಿಕೊಂಬು’ ಎಂಬ ಇಲ್ಲದ ವಸ್ತುವಿಗಾಗಿ ನರಿಗಳನ್ನು ಕೊಂದದ್ದೂ ಉಂಟು.

ಕನ್ನಡ ನಾಡಿಗೆ ಬೇಟೆ ಹೊಸದಲ್ಲ. ಕಲ್ಯಾಣದ ಚಾಲುಕ್ಯ ದೊರೆ ಮೂರನೆಯ ಸೋಮೇಶ್ವರನು ಹನ್ನೆರಡನೆಯ ಶತಮಾನದಲ್ಲಿ ರಚಿಸಿದ ‘ಮಾನಸೋಲ್ಲಾಸ’ದಲ್ಲಿ ಜಿಂಕೆಗಳನ್ನು ಬೇಟೆಯಾಡುವ ಹಲವು ವಿಧಾನಗಳ ವರ್ಣನೆಯಿದೆ. ಬಲೆಯೊಡ್ಡುವುದು, ಎತ್ತಿನ ಮರೆಯಲ್ಲಿ ಸಮೀಪಿಸುವುದು, ಪಳಗಿಸಿದ ಚೀತಾವನ್ನು ಬಿಡುವುದು, ಇವೆಲ್ಲ ಹಿಂದಿನ ಕಾಲದ ಉಪಾಯಗಳು. ಇವೆಲ್ಲಕ್ಕೂ ಸಮಾನವಾದ ಅಂಶವೊಂದಿದೆ: ಬೇಟೆಗಾರನು ಪ್ರಾಣಿಯ ಹತ್ತಿರ ಬರಬೇಕಾಗಿತ್ತು. ಚೀತಾ ಕೂಡ ಕೆಲವು ನೂರು ಗಜಗಳ ಓಟದಲ್ಲಿ ಹಿಡಿಯದಿದ್ದರೆ ದಣಿದು ನಿಲ್ಲುತ್ತಿತ್ತು. ಬಾಯಿಂದ ಮದ್ದು ತುಂಬುವ ನಾಡಕೋವಿಯ ಗುಂಡು ದೂರಕ್ಕೆ ಗುರಿ ತಪ್ಪುತ್ತಿತ್ತು. ಮತ್ತೆ ಮದ್ದು ತುಂಬುವಷ್ಟರಲ್ಲಿ ಹಿಂಡು ಮಾಯವಾಗುತ್ತಿತ್ತು. ಹೀಗೆ ಕೆಲವು ಸತ್ತರೂ ಬಹಳಷ್ಟು ಉಳಿಯುತ್ತಿದ್ದವು.

ರೈಫಲ್ ಈ ಲೆಕ್ಕವನ್ನು ಬದಲಿಸಿತು. ಅದರ ನಳಿಗೆಯ ಒಳಮೈಯಲ್ಲಿ ಸುರುಳಿಯಾಕಾರದ ತೋಡುಗಳಿರುತ್ತವೆ. ಅವುಗಳ ಮೂಲಕ ಹಾಯುವ ಗುಂಡು ಬುಗುರಿಯಂತೆ ತಿರುಗುತ್ತ ಹೊರಬರುವುದರಿಂದ ಅಡ್ಡಾದಿಡ್ಡಿಯಾಗದೆ ಬಹುದೂರ ಗುರಿಯಿಟ್ಟು ಸಾಗುತ್ತದೆ. ಶಬ್ದವು ಗಾಳಿಯಲ್ಲಿ ಸೆಕೆಂಡಿಗೆ ಸುಮಾರು 340 ಮೀಟರ್ ಚಲಿಸಿದರೆ, ಶಕ್ತಿಯುತವಾದ ರೈಫಲಿನ ಗುಂಡು ಅದರ ಇಮ್ಮಡಿಗೂ ಮಿಗಿಲಾದ ವೇಗದಲ್ಲಿ ಹೋಗುತ್ತದೆ. ಆದ್ದರಿಂದ ಪ್ರಾಣಿಯು ಸದ್ದು ಕೇಳುವ ಮೊದಲೇ ಏಟು ತಿಂದಿರುತ್ತದೆ. ಸಾವಿರಾರು ವರ್ಷಗಳಿಂದ ಕೃಷ್ಣಮೃಗವನ್ನು ಕಾಪಾಡಿದ್ದ ಅಂತರ ಒಮ್ಮೆಗೇ ನಿರರ್ಥಕವಾಯಿತು. ಎರಡನೆಯ ಮಹಾಯುದ್ಧದ ಅನಂತರ ಜೀಪು ಬಂದಿತು, ಓಟವೂ ನಿಷ್ಫಲವಾಯಿತು. ಪ್ರಖರವಾದ ದೀಪ ಬಂದಿತು, ಕತ್ತಲೆಯೂ ಕಾಯದಾಯಿತು.

ಇದರ ಪರಿಣಾಮವನ್ನು ಚೀತಾದ ಕಥೆಯಲ್ಲಿ ಕಾಣಬಹುದು. 1947ರಲ್ಲಿ, ಇಂದಿನ ಛತ್ತೀಸ್‌ಗಢಕ್ಕೆ ಸೇರಿರುವ ಕೊರಿಯಾ ಸಂಸ್ಥಾನದ ಮಹಾರಾಜನು ಒಂದೇ ರಾತ್ರಿ ಮೂರು ಚೀತಾಗಳನ್ನು ಗುಂಡಿಟ್ಟು ಕೊಂದನು. 1952ರಲ್ಲಿ ಆ ಪ್ರಾಣಿ ಭಾರತದಲ್ಲಿ ನಿರ್ನಾಮವಾಯಿತೆಂದು ಘೋಷಿಸಲಾಯಿತು. 2022ರಲ್ಲಿ ಆಫ್ರಿಕದ ನಮೀಬಿಯಾದಿಂದ ಚೀತಾಗಳನ್ನು ವಿಮಾನದಲ್ಲಿ ಮಧ್ಯಪ್ರದೇಶದ ಕುನೋ ಅರಣ್ಯಕ್ಕೆ ತರಬೇಕಾಯಿತು. ಕಳೆಯುವುದು ಎಷ್ಟು ಸುಲಭ, ಮರಳಿ ಪಡೆಯುವುದು ಎಷ್ಟು ಕಷ್ಟ ಎಂಬುದಕ್ಕೆ ಇದೇ ಸಾಕ್ಷಿ.

ಕೃಷ್ಣಮೃಗಕ್ಕೂ ಅದೇ ಗತಿ ಒದಗುವ ಮುನ್ನ ದೇಶ ಎಚ್ಚೆತ್ತಿತು. 1972ರ ವನ್ಯಜೀವಿ ಸಂರಕ್ಷಣಾ ಕಾಯ್ದೆಯು ಅದನ್ನು ಮೊದಲನೆಯ ಅನುಸೂಚಿಯಲ್ಲಿ ಸೇರಿಸಿತು. ಅದನ್ನು ಕೊಂದವರಿಗೆ ಈಗ ಮೂರರಿಂದ ಏಳು ವರ್ಷಗಳ ಸೆರೆವಾಸ ಮತ್ತು ದಂಡ ವಿಧಿಸಬಹುದು. 1974ರಲ್ಲಿ ರಾಣೆಬೆನ್ನೂರಿನಲ್ಲಿ ಕೃಷ್ಣಮೃಗ ಅಭಯಾರಣ್ಯ ಸ್ಥಾಪಿತವಾಯಿತು. 2007ರಲ್ಲಿ ಮಧುಗಿರಿ ತಾಲ್ಲೂಕಿನ ಮೈದನಹಳ್ಳಿಯ ಸುಮಾರು 798 ಎಕರೆ ಹುಲ್ಲುಗಾವಲು ಜಯಮಂಗಲಿ ಕೃಷ್ಣಮೃಗ ಸಂರಕ್ಷಣಾ ಮೀಸಲು ಪ್ರದೇಶವಾಯಿತು. ಕೋವಿಯು ಅಳಿಸಿದ ಅಂತರವನ್ನು ಕಾಯ್ದೆಯು ಮತ್ತೆ ಎಳೆದಂತಾಯಿತು.

ಇಲ್ಲಿ ರೈತನ ಮಾತನ್ನೂ ಕೇಳಬೇಕು. ಮೀಸಲು ಪ್ರದೇಶದ ಗಡಿ ಜಿಂಕೆಗೆ ತಿಳಿಯದು. ಮಳೆ ಬಿದ್ದು ರಾಗಿ ಮತ್ತು ಕಡಲೆಕಾಯಿಯ ಪೈರು ಚಿಗುರಿದೊಡನೆ ಹಿಂಡುಗಳು ಹೊಲಕ್ಕೆ ಇಳಿಯುತ್ತವೆ. ಸಾಲ ಮಾಡಿ ಬಿತ್ತಿದವನು ಬೆಳಗಾಗೆದ್ದು ಮೇಯ್ದ ಹೊಲವನ್ನು ನೋಡಿದಾಗ ಅವನಿಗಾಗುವ ಸಂಕಟವನ್ನು ಪಟ್ಟಣದಲ್ಲಿ ಕುಳಿತು ಅಳೆಯಲಾಗದು. ಅರಣ್ಯ ಇಲಾಖೆ ಬೆಳೆನಷ್ಟಕ್ಕೆ ಪರಿಹಾರ ನೀಡುತ್ತದೆ. ಆ ಪರಿಹಾರ ಸಕಾಲಕ್ಕೆ ಸಲ್ಲುವುದೂ ಸಂರಕ್ಷಣೆಯ ಕೆಲಸವೇ. ಪ್ರಾಣಿಯನ್ನು ಕಾಯುವ ಭಾರವನ್ನು ಅದರ ನೆರೆಯಲ್ಲಿರುವ ಬಡವನೊಬ್ಬನೇ ಹೊರುವುದು ಧರ್ಮವಲ್ಲ.

ಆದರೂ ಹೊರುವ ಮನಸ್ಸು ನಮ್ಮ ಹಳ್ಳಿಗಳಿಗಿದೆ. ಶಿರಾ ತಾಲ್ಲೂಕಿನ ಕಗ್ಗಲಡುವಿನಲ್ಲಿ ಊರ ನಡುವಿನ ಹುಣಸೆಮರಗಳ ಮೇಲೆ ಬಣ್ಣದ ಕೊಕ್ಕರೆಗಳು ಬಂದು ಗೂಡು ಕಟ್ಟುತ್ತವೆ. ಹಿಕ್ಕೆಗಳ ವಾಸನೆಯನ್ನೂ ಸದ್ದನ್ನೂ ಸಹಿಸಿ ಊರಿನ ಜನ ಅವುಗಳನ್ನು ಕಾಯುತ್ತ ಬಂದಿದ್ದಾರೆ. ಅವರ ಕೈಗೆ ಕಲ್ಲು ಸಿಗದೆ ಇಲ್ಲ. ಎಸೆಯಬಾರದೆಂದು ಅವರು ನಿರ್ಧರಿಸಿದ್ದಾರೆ.

ಸಂಜೆಯ ಹೊತ್ತಿನಲ್ಲಿ ಸದ್ದನ್ನೇ ಗುರಿಯಾಗಿಸಿ ಬಾಣ ಬಿಟ್ಟ ದಶರಥನ ಕಥೆಯನ್ನು ನಾವೆಲ್ಲರೂ ಬಲ್ಲೆವು. ತನ್ನ ವಿದ್ಯೆಯನ್ನು ಮೆರೆಸಬೇಕೆಂಬ ಹುಮ್ಮಸ್ಸು ಅವನನ್ನು ಶ್ರವಣಕುಮಾರನ ಸಾವಿಗೆ ಕಾರಣನನ್ನಾಗಿ ಮಾಡಿತು. ಶಕ್ತಿಯು ಕೈಗೆ ಬಂದಾಗ ಅದನ್ನು ಎಲ್ಲಿ ಬಳಸಬಾರದೆಂಬ ವಿವೇಕವೂ ಜೊತೆಗೆ ಬರಬೇಕು. ಮನುಷ್ಯನ ಕೈಗೆ ಹೊಸ ಹೊಸ ಉಪಕರಣಗಳು ಇನ್ನೂ ಬರುತ್ತಲೇ ಇರುತ್ತವೆ. ಆ ಹೊಸ ಕೋವಿಯ ಮುಂದಿದ್ದ ಪ್ರಶ್ನೆ ಅವುಗಳ ಮುಂದೆಯೂ ಇರುತ್ತದೆ.

ಇಂದು ಮೈದನಹಳ್ಳಿಯ ಬಯಲಿಗೆ ಸಂಜೆ ಹೋದವರು ದುರ್ಬೀನು ಹಿಡಿದು ನಿಲ್ಲುತ್ತಾರೆ. ಹಿಂಡಿನ ಒಂದು ಹೆಣ್ಣು ತಲೆಯೆತ್ತಿ ನೋಡುತ್ತದೆ. ನೋಡಿ, ಮತ್ತೆ ಮೇಯತೊಡಗುತ್ತದೆ.

ಅಭ್ಯಾಸ

1. ಕೃಷ್ಣಮೃಗಕ್ಕೂ ಚುಕ್ಕೆ ಜಿಂಕೆಗೂ ಇರುವ ವ್ಯತ್ಯಾಸವೇನು?
2. ಹಿಂದಿನ ಬೇಟೆಯ ವಿಧಾನಗಳಿಗೆ ಸಮಾನವಾದ ಅಂಶ ಯಾವುದು? ರೈಫಲ್ ಅದನ್ನು ಹೇಗೆ ಬದಲಿಸಿತು?
3. “ಕೋವಿಯು ಅಳಿಸಿದ ಅಂತರವನ್ನು ಕಾಯ್ದೆಯು ಮತ್ತೆ ಎಳೆದಂತಾಯಿತು.” ಈ ಮಾತನ್ನು ವಿವರಿಸಿ.
4. ಬೆಳೆ ಕಳೆದುಕೊಂಡ ರೈತನಿಗೂ ಅರಣ್ಯರಕ್ಷಕನಿಗೂ ನಡೆಯಬಹುದಾದ ಸಂಭಾಷಣೆಯನ್ನು ಬರೆಯಿರಿ.
5. ನಿಮ್ಮ ಊರಿನ ಹಿರಿಯರನ್ನು ಕೇಳಿ, ಹಿಂದೆ ಅಲ್ಲಿದ್ದು ಈಗ ಕಾಣದಾಗಿರುವ ಪ್ರಾಣಿ ಪಕ್ಷಿಗಳ ಪಟ್ಟಿ ಮಾಡಿ.