ಮುಳ್ಳುಹಂದಿ

ಬೀದರಿನ ಜಂಬಿಟ್ಟಿಗೆಯ ದಿಬ್ಬಗಳಲ್ಲಿಯೂ, ಭಾಲ್ಕಿ ಔರಾದ್ ತಾಲ್ಲೂಕುಗಳ ಹೊಲದಂಚಿನ ಕುರುಚಲು ಪೊದೆಗಳಲ್ಲಿಯೂ ವಾಸಿಸುವ ಮುಳ್ಳುಹಂದಿಯು ಹೆಸರಿಗೆ ಮಾತ್ರ ಹಂದಿ. ಜಾತಿಯಿಂದ ಇಲಿ ಅಳಿಲುಗಳ ಬಳಗದ್ದು. ಹಗಲೆಲ್ಲ ಬಿಲದಲ್ಲಿದ್ದು ರಾತ್ರಿ ಹೊರಡುವುದು. ಬೇರು, ಗೆಡ್ಡೆ, ತೊಗಟೆ, ಉದುರಿದ ಹಣ್ಣು ಇದರ ಆಹಾರ. ಬಾಚಿಹಲ್ಲುಗಳು ಬಾಳೆಲ್ಲ ಬೆಳೆಯುವುದರಿಂದ ಒಣಗಿದ ಎಲುಬುಗಳನ್ನೂ ಕಡಿದು ಸವೆಸುವುದು. ಅದರಿಂದ ಸುಣ್ಣದ ಅಂಶವೂ ದೊರೆಯುವುದು.

ಇದಕ್ಕೆ ಕಣೆಹಂದಿಯೆಂಬ ಹೆಸರೂ ಉಂಟು. ಕಣೆಯೆಂದರೆ ಬಾಣ. ಮುಳ್ಳನ್ನು ಬಾಣದಂತೆ ಎಸೆಯುವುದೆಂಬ ಮಾತನ್ನು ನಾವು ತರಗತಿಯಲ್ಲಿ ಇಂದಿಗೂ ಕೇಳುತ್ತೇವೆ. ಅದು ನಿಜವಲ್ಲ. ಮುಳ್ಳೆಂಬುದು ಗಡುಸಾದ ಕೂದಲು, ಅದರಲ್ಲಿ ವಿಷವಿಲ್ಲ. ಹೆದರಿದ ಪ್ರಾಣಿಯು ಮೊದಲು ಮುಳ್ಳುಗಳನ್ನು ನಿಮಿರಿಸಿ, ಬಾಲದ ಪೊಳ್ಳು ಮುಳ್ಳುಗಳನ್ನು ಗಲಗಲನೆ ಅಲುಗಿಸಿ ಎಚ್ಚರಿಸುವುದು. ವೈರಿಯು ತೊಲಗದಿದ್ದರೆ ಹಿಮ್ಮುಖವಾಗಿ ನುಗ್ಗಿ ಚುಚ್ಚುವುದು. ಸಡಿಲವಾದ ಮುಳ್ಳು ವೈರಿಯ ಮೈಯಲ್ಲಿ ನಾಟಿ ಉಳಿಯುವುದರಿಂದ ಎಸೆದಂತೆ ತೋರುವುದು.

ಮರಿಯು ಕಣ್ತೆರೆದೇ ಹುಟ್ಟುವುದು. ಅದರ ಮುಳ್ಳು ಆಗ ಮೆತ್ತಗಿದ್ದು ಬಳಿಕ ಗಡುಸಾಗುವುದು. ತಂದೆತಾಯಿಗಳೆರಡೂ ಮರಿಯೊಡನೆ ಒಂದೇ ಬಿಲದಲ್ಲಿ ಇರುವುವು.

ಶೇಂಗಾ, ಗೆಣಸು ಬೆಳೆದ ರೈತನಿಗೆ ಇದರಿಂದ ನಷ್ಟವುಂಟೆಂಬುದು ಸುಳ್ಳಲ್ಲ. ಆದರೆ ಬಿಲಕ್ಕೆ ಹೊಗೆಯಿಟ್ಟರೆ ಏನೂ ಅರಿಯದ ಮರಿಗಳೂ ಸಾಯುವುವು. ಇದರ ಬೇಟೆಯನ್ನು 1972ರ ವನ್ಯಜೀವಿ ಸಂರಕ್ಷಣಾ ಕಾಯಿದೆಯೂ ತಡೆದಿದೆ. ಬೇಲಿಯ ಬುಡವನ್ನು ನೆಲದೊಳಕ್ಕೆ ಇಳಿಯುವಂತೆ ಕಲ್ಲಿನಿಂದ ಭದ್ರಪಡಿಸುವುದು ಮೇಲು. ಇಂದು ತಾಯಂದಿರಾಗಿರುವ ನಮ್ಮ ಪೂರ್ವವಿದ್ಯಾರ್ಥಿನಿಯರು ತಮ್ಮ ಮಕ್ಕಳಿಗೆ ಬಾಣದ ಕಥೆಗೆ ಬದಲಾಗಿ ಈ ನಿಜವನ್ನು ಹೇಳಲಿ. ಅಕಾರಣವಾದ ಭಯವು ಹೋದರೆ ಅಕಾರಣವಾದ ಕೊಲೆಯೂ ಕಡಮೆಯಾಗುವುದು.